ಕಾಶಮ್ಮಕ್ಕನಿಗೆ ನಾನು ಕೊಟ್ಟ ಕ್ಷಮೆ

ಕಾಶಮ್ಮಕ್ಕ, ನೀವು ಮಾಡದ ತಪ್ಪಿಗೆ ನಾನು ನಿಮ್ಮನ್ನು ಕ್ಷಮಿಸಿದೆ. ಆ ತಪ್ಪು ಮಾಡಿದವಳು ನಾನು.

ಈ ಮಾತು ಬಾಯಿಂದ ಬರಲಿಲ್ಲ, ಅದಕ್ಕೇ ಕಾಗದದ ಮೇಲೆ ಇಡುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಕೈ ನನ್ನದು, ಸಾಲು ಸೊಟ್ಟ ಹೋಗುತ್ತದೆ. ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ನಡುವೆ ಏನಾದರೂ ಬಿಟ್ಟರೆ ಆ ಸಂದಿಯಲ್ಲೇ ನಾನು ನುಸುಳಿ ಪಾರಾಗುತ್ತೇನೆ — ನನ್ನ ಗುಣ ನನಗೆ ಗೊತ್ತು.

ಹದಿನಾಲ್ಕು ಹದಿನೈದು ವರ್ಷದ ಹಿಂದಿನ ಮಾತು, ತೊಂಬತ್ತಾರನೇ ಇಸವಿ ಇರಬೇಕು. ನನ್ನ ಮಗಳು, ನಿಮ್ಮ ಸೊಸೆ ನಂದಾ ನಿಮ್ಮ ಹುಮನಾಬಾದಿನ ಮನೆಯಲ್ಲಿ ಎರಡನೇ ಸಲ ಬಸುರಿ. ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ನೀವೊಬ್ಬರೇ ಅಡುಗೆ, ನೀರು, ಎಮ್ಮೆ, ಅವಳ ಆರೈಕೆ ಎಲ್ಲಾ ನೋಡಬೇಕು. ಆಗ ಅವಳ ಮೊದಲ ಮಗಳು ವೈಶಾಲಿಯನ್ನು ಒಂದು ಶಾಲೆಯ ವರ್ಷದ ಮಟ್ಟಿಗೆ ಬಸವಕಲ್ಯಾಣಕ್ಕೆ ನನ್ನ ಹತ್ತಿರ ಬಿಡುವುದೆಂದು ಮಾತಾಯಿತು. ಎರಡನೇ ಇಯತ್ತೆ. ಏಳು ವರ್ಷದ ಕೂಸು.

ನನ್ನ ಖುಷಿಯನ್ನು ನಾನು ಹೇಗೆ ಹೇಳಲಿ. ನಂದಾಳ ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಹಿಟ್ಟಿನ ಗಿರಣಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಮ್ಮ ಯಜಮಾನರು ಮೈಮೇಲಿನ ಹಿಟ್ಟು ಕೊಡವಿಕೊಂಡು ಮಧ್ಯಾಹ್ನ ಉಣ್ಣಲು ಬಂದರೆ ಎರಡು ಮಾತು, ಹೋದರೆ ಅದೂ ಇಲ್ಲ. ಕೂಸು ಬರುತ್ತದೆ ಅಂದದ್ದೇ ನಾನು ಕೋಟೆಯ ಹಿಂದಿನ ನಮ್ಮ ಓಣಿಯ ತುಂಬ ಹೇಳಿಕೊಂಡು ಬಂದೆ. ಗೋಡೆಗೆ ಸುಣ್ಣ ಬಳಿದೆ. ಬತ್ತಾಸೆ, ಚಿಕ್ಕಿ, ಬೆಲ್ಲದ ಉಂಡೆ — ಒಂದೊಂದಕ್ಕೆ ಒಂದೊಂದು ಡಬ್ಬಿ ಮಾಡಿ ಅವಳ ಕೈಗೆ ಎಟುಕುವ ಹಾಗೆ ಕೆಳಗಿನ ಹಲಗೆಯ ಮೇಲಿಟ್ಟೆ. ನೋಡಿ, ಬರೆಯುವಾಗಲೂ ಮೈಯೆಲ್ಲ ಹಿಗ್ಗುತ್ತದೆ. ಹಿಗ್ಗಬಾರದು ಈಗ.

ಆದರೆ ನಂದಾ ಒಂದು ಕರಾರು ಹಾಕಿದ್ದಳು. ಹಾಸಿಗೆಯಲ್ಲಿ ಮಲಗಿಕೊಂಡೇ ನನ್ನ ಕೈ ಹಿಡಿದು ಹೇಳಿದಳು. "ಅವ್ವಾ, ನೀ ಮಿಶ್ರಿ ಬಿಡಬೇಕು. ಇಲ್ಲಂದ್ರ ಕೂಸಿಗಿ ಕಳಸಂಗಿಲ್ಲ. ಇಲ್ಲಿ ಅತ್ತಿ ತಿಕ್ತಾರ, ಅದನ್ನೇ ದಿನಾ ನೋಡ್ತದ. ಅಲ್ಲೂ ಅದೇ ನೋಡೂದಾದ್ರ ಇಲ್ಲೇ ಇರ್ಲಿ."

ಮಿಶ್ರಿ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ ಅಕ್ಕಾ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗಾಗುವ ತನಕ ಹುರಿದು, ಪುಡಿ ಮಾಡಿ, ಬೆರಳಲ್ಲಿ ಹಲ್ಲಿಗೆ ತಿಕ್ಕುವುದು. ಹಲ್ಲು ಸ್ವಚ್ಛ ಆಗುತ್ತದೆಂದು ಶುರು ಮಾಡುತ್ತೇವೆ, ಆಮೇಲೆ ಅದಿಲ್ಲದೆ ಬೆಳಗಾಗುವುದಿಲ್ಲ. ನಮ್ಮವ್ವನೂ ತಿಕ್ಕಿದಳು, ನಾನೂ ತಿಕ್ಕಿದೆ, ನೀವೂ ತಿಕ್ಕಿದಿರಿ. ನಂದಾಳ ಕಾಲದವರಿಗೆ ಅದು ಹೇಸಿಗೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದೆ — ಬಿಟ್ಟೆ, ಇವತ್ತಿನಿಂದಲೇ ಬಿಟ್ಟೆ ಅಂದೆ.

ಹನ್ನೊಂದು ದಿವಸ ಬಿಟ್ಟಿದ್ದೆ. ಸುಳ್ಳಲ್ಲ. ತಲೆ ಗಿರ್‍ರೆನ್ನುತ್ತಿತ್ತು, ಬೆಳಿಗ್ಗೆ ಹೊಟ್ಟೆ ಖುಲಾಸೆ ಆಗುತ್ತಿರಲಿಲ್ಲ, ಕೂತಲ್ಲಿ ಸಿಟ್ಟು. ಹನ್ನೆರಡನೇ ದಿವಸ ಕೂಸು ಶಾಲೆಗೆ ಹೋದ ಮೇಲೆ ಗಿರಣಿಯ ಹಿಂದೆ ಹೋಗಿ ಹಂಚಿಟ್ಟು ಹುರಿದೆ. ಆ ವಾಸನೆ ಹಿಟ್ಟಿನ ವಾಸನೆಯಲ್ಲಿ ಕೂಡಿ ಹೋಗುತ್ತದೆಂದು ಅಂದುಕೊಂಡೆ.

ಇನ್ನು ಶಾಲೆಯ ಮಾತು. ಆ ವರ್ಷ ಅವರ ಟೀಚರಬಾಯಿ ಎಲ್ಲ ಮಕ್ಕಳಿಗೂ ಒಂದೊಂದು ಬ್ರಶ್, ಒಂದೊಂದು ಕಾರ್ಡು ಕೊಟ್ಟಿದ್ದರು. ಕಾರ್ಡಿನಲ್ಲಿ ದಿನಕ್ಕೆ ಎರಡು ಮನೆ. ಬೆಳಿಗ್ಗೆ ಎದ್ದು ತಿಕ್ಕಿದರೆ ಒಂದು ಗುರುತು, ಮಲಗುವ ಮುಂಚೆ ತಿಕ್ಕಿದರೆ ಒಂದು ಗುರುತು. ಮನೆಯ ಹಿರಿಯರು ಎದುರಿಗೆ ನಿಂತು ತಿಕ್ಕಿಸಿ, ತಾವೇ ಗುರುತು ಹಾಕಬೇಕು. ತಿಂಗಳ ಕೊನೆಗೆ ತುಂಬಿದ ಕಾರ್ಡು ತಂದ ಮಕ್ಕಳ ಅಂಗಿಗೆ ಕಾಗದದ ನಕ್ಷತ್ರ ಚುಚ್ಚುತ್ತಿದ್ದರು. ಮೀಟಿಂಗಿಗೆ ಕರೆದು ನಮಗೆಲ್ಲ ಹೇಳಿದ್ದರು ಕೂಡ: ಮಕ್ಕಳ ಕೈಗೆ ಇನ್ನೂ ಹದ ಬಂದಿರುವುದಿಲ್ಲ, ಹಿಂದಿನ ಹಲ್ಲು ನೀವೇ ತಿಕ್ಕಿಸಿ, ಸಿಹಿ ತಿಂದು ಹಾಗೇ ಮಲಗಿಸಬೇಡಿ. ನಾನು ಮುಂದಿನ ಸಾಲಿನಲ್ಲೇ ಕೂತು ತಲೆ ಅಲ್ಲಾಡಿಸಿದ್ದೆ.

ಮೊದಲ ವಾರ ನೀವು ನೋಡಬೇಕಿತ್ತು ನನ್ನ ಉಮೇದು. ಬಚ್ಚಲಕಲ್ಲಿನ ಮೇಲೆ ಅವಳನ್ನು ನಿಲ್ಲಿಸಿ ತಿಕ್ಕಿಸುತ್ತಿದ್ದೆ. ಯಜಮಾನರು ನಗುತ್ತಿದ್ದರು, ಶಾಲೆಗೆ ಹೋಗುವುದು ಕೂಸೋ ನೀನೋ ಅಂತ. ಆದರೆ ಅವಳು ಬ್ರಶ್ ಕಂಡರೆ ಬಾಯಿ ಬಿಗಿದು ಓಡುತ್ತಿದ್ದಳು. ಹಿಡಿದು ತಂದರೆ ಅಳು. ಅತ್ತರೆ — ನನ್ನ ಕೈ ಬಿಡುತ್ತಿತ್ತು, ಅಷ್ಟೇ. ತಾಯಿಯನ್ನು ಬಿಟ್ಟು ಬಂದ ಕೂಸು. ಅದರ ಕಣ್ಣಲ್ಲಿ ನೀರು ಕಂಡರೆ ನಾನು ಯಾವ ಕೆಲಸಕ್ಕೂ ಬಾರದವಳಾಗುತ್ತಿದ್ದೆ. ಒಮ್ಮೆ ಗದರಿಸಲು ನೋಡಿದೆ. ಸೊಂಟದ ಮೇಲೆ ಕೈ ಇಟ್ಟು ಅಂದಳು. "ಆಯಿ, ನಿನ್ನ ಹಲ್ಲ ನೋಡ್ಕೋ ಮೊದಲ. ಕಾಗಿ ಸಾಲಾಗಿ ಕೂತಂಗ ಅದಾವ. ನನಗ ಹೇಳ್ತಿ." ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ಇನ್ನೇನು ತಿಕ್ಕಿಸುವುದು.

ಸಂಜೆಯದಂತೂ ಕೇಳಲೇಬೇಡಿ. ಉಂಡು ನನ್ನ ತೊಡೆಯ ಮೇಲೆ ತಲೆಯಿಟ್ಟು ಕಥೆ ಕೇಳುತ್ತಾ, ದವಡೆಯಲ್ಲಿ ಒಂದು ಬತ್ತಾಸೆ ಇಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು. ಎಬ್ಬಿಸಬೇಕು ಅನ್ನುವುದು ಗೊತ್ತಿತ್ತು. ಆ ಮುಖ ನೋಡುತ್ತಾ ಕೂರುತ್ತಿದ್ದೆ. ಬೆಳಿಗ್ಗೆ ಎದ್ದು ಕಾರ್ಡಿನ ಎರಡೂ ಮನೆಗೆ ಗುರುತು ಹಾಕುತ್ತಿದ್ದೆ. ಒಂದು ದಿನವೂ ಖಾಲಿ ಬಿಡಲಿಲ್ಲ. ಅವಳ ಅಂಗಿಗೆ ನಕ್ಷತ್ರ ಬಂದ ದಿನ ಇಡೀ ಓಣಿಗೆ ತೋರಿಸಿಕೊಂಡು ಬಂದವಳೂ ನಾನೇ.

ದೀಪಾವಳಿಗೆ ನಾಲ್ಕು ದಿನ ನಿಮ್ಮ ಮನೆಗೆ ಬಂದು ಹೋದ ಮೇಲೆ ಅವಳಿಗೆ ಹಲ್ಲುನೋವು ಶುರುವಾಯಿತು. ಕೆಳಗಿನ ಸಾಲಿನ ಎಡಗಡೆಯ ಹಿಂದಿನ ದವಡೆಹಲ್ಲು. ನಡುವೆ ಕಪ್ಪು ಕುಳಿ. ಟೀಚರಬಾಯಿ ನೋಡಿ, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಕಳಿಸಿದರು. ಹೂಂ ಅಂದೆ, ತೋರಿಸಲಿಲ್ಲ. ಏಳು ವರ್ಷದ ಕೂಸಿನದು ಹಾಲುಹಲ್ಲು, ಇವತ್ತಲ್ಲ ನಾಳೆ ಬಿದ್ದು ಹೊಸದು ಬರುತ್ತದೆ ಅಂದುಕೊಂಡೆ. ಹಾಗೆ ನಿಜವಾಗಿ ನಂಬಿದ್ದೆ. ಆದರೆ ನಂಬಿದ್ದು ಅರ್ಧ ಕಾರಣ ಮಾತ್ರ. ಇನ್ನರ್ಧ — ಡಾಕ್ಟರಿಗೆ ತೋರಿಸಿದರೆ ನಂದಾಳಿಗೆ ಗೊತ್ತಾಗುತ್ತದೆ. ಕಾರ್ಡು ತುಂಬಿದ್ದರೂ ಹಲ್ಲು ಹೇಗೆ ಹುಳ ತಿಂದಿತು ಅಂತ ಕೇಳುತ್ತಾಳೆ. ಮರುದಿನವೇ ಬಸ್ಸಿಗೆ ಬಂದು ಕೂಸನ್ನು ಕರೆದುಕೊಂಡು ಹೋಗುತ್ತಾಳೆ. ಅದೊಂದು ನನಗೆ ಬೇಡವಾಗಿತ್ತು.

ಲವಂಗ ಇಟ್ಟೆ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿದೆ. ಎರಡು ದಿನ ತಡೆಯಿತು. ಮೂರನೇ ದಿನ ಶಾಲೆಯಿಂದ ಬಂದವಳು ದವಡೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕೂತಳು. ಅಳಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ನಮ್ಮವ್ವ ನಮಗೆ ಹಲ್ಲು ನೋವಾದಾಗ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದೆ ಅಕ್ಕಾ. ಗಿರಣಿಯ ಹಿಂದಿನಿಂದ ಡಬ್ಬಿ ತಂದೆ. ಒಂದು ಚಿಟಿಕೆ ಮಿಶ್ರಿ ಬೆರಳ ತುದಿಗೆ ತೆಗೆದುಕೊಂಡು ಆ ಕುಳಿಗೆ ಒತ್ತಿದೆ.

ಸ್ವಲ್ಪ ಹೊತ್ತಿಗೆ ನೋವು ನಿಂತಿತು. ತಲೆ ತಿರುಗುತ್ತದೆ ಅಂದಳು, ವಾಂತಿ ಮಾಡಿದಳು, ಆಮೇಲೆ ನನ್ನ ಕೊರಳಿಗೆ ಬಿದ್ದು ನಕ್ಕಳು. ಆಗ ನನಗೆ ಎಷ್ಟು ಸಂತೋಷವಾಯಿತು ಅಂದರೆ — ಅವಳ ನೋವು ತೆಗೆದವಳು ನಾನು ಅಂತ. ಅದೇ ಸಂತೋಷದಲ್ಲಿ ಅವಳ ಕಿವಿಯಲ್ಲಿ ಹೇಳಿದೆ. "ಮನ್ಯಾಗ ಯಾರಿಗೂ ಹೇಳಬ್ಯಾಡ ವೈಶು. ಇದು ನಿಂದು ನಂದು ಅಷ್ಟ."

ಮರುದಿನ ನೋವು ಬಂತು, ಹಚ್ಚಿದೆ. ಅದರ ಮರುದಿನವೂ. ಸಂಕ್ರಾಂತಿಯ ಹೊತ್ತಿಗೆ ನೋವು ಇಲ್ಲದಿದ್ದರೂ ಬರತೊಡಗಿದಳು. ಶಾಲೆಗೆ ಹೋಗುವ ಮುಂಚೆ ಪಾಟಿಚೀಲ ಹಾಕಿಕೊಂಡು ಗಿರಣಿಯ ಹಿಂದೆ ಬಂದು ಬೆರಳು ಚಾಚುತ್ತಿದ್ದಳು. ಇಲ್ಲ ಅಂದೆ. ಗಟ್ಟಿಯಾಗಿಯೇ ಅಂದೆ. ಆಗ ಅವಳು ಅಂದದ್ದು — "ಕೊಡಲಿಲ್ಲಂದ್ರ ನನಗ ಓದಾಕ ಆಗಂಗಿಲ್ಲ ಆಯಿ, ತಲಿ ಗಿರ್‍ರ್ ಅಂತದ." ಅದು ನನ್ನದೇ ಮಾತು. ನನ್ನ ಮೈಯ ಮಾತು ಆ ಕೂಸಿನ ಬಾಯಲ್ಲಿ ಬಂದಿತ್ತು. ನನಗೆ ಗಾಬರಿಯಾಯಿತು. ಗಾಬರಿಯಾಗಿ ಏನು ಮಾಡಿದೆ — ಕೊಟ್ಟೆ. ಇಷ್ಟೇ ಇಷ್ಟು, ನಾಳೆಯಿಂದ ಇಲ್ಲ ಅಂತ ಕೊಟ್ಟೆ. ಆ ನಾಳೆ ಪರೀಕ್ಷೆ ಮುಗಿಯುವ ತನಕ ಬರಲಿಲ್ಲ.

ಈಗ ಹುಮನಾಬಾದಿಗೆ ಬರುತ್ತೇನೆ. ಇಲ್ಲಿ ನನ್ನ ಕೈ ನಿಂತಿದೆ. ಎದ್ದು ನೀರು ಕುಡಿದು ಬಂದು ಕೂತಿದ್ದೇನೆ.

ಏಪ್ರಿಲ್ ಸೂಟಿಗೆ, ಶಾಲೆಗೆ ರಜೆ ಬಿದ್ದಾಗ, ಅವಳನ್ನು ಬಿಡಲು ನಾನೇ ಬಂದಿದ್ದೆ. ನಂದಾಳ ಗಂಡುಕೂಸು ಆಗ ತೆವಳುತ್ತಿತ್ತು. ಮರುದಿನ ಬೆಳಿಗ್ಗೆ ನಾವೆಲ್ಲ ಅಂಗಳದಲ್ಲಿದ್ದೆವು. ನೀವು ಎಮ್ಮೆಗೆ ಹಿಂಡಿ ಕಲಸುತ್ತಿದ್ದಿರಿ, ನಾನು ನೀರು ಸೇದುತ್ತಿದ್ದೆ. ನಿಮ್ಮ ಮಿಶ್ರಿಯ ಡಬ್ಬಿ ಯಾವಾಗಲೂ ಇರುವ ಹಾಗೆ ಬಚ್ಚಲಿನ ಗೂಡಿನಲ್ಲಿತ್ತು. ನಂದಾ ಒಳಗಿನಿಂದ ಬಂದವಳು ವೈಶಾಲಿಯನ್ನು ಬಚ್ಚಲಿನಿಂದ ರಟ್ಟೆ ಹಿಡಿದು ಎಳೆದು ತಂದಳು. ಕೂಸಿನ ಬೆರಳು ಕಪ್ಪು, ತುಟಿ ಕಪ್ಪು. ಎರಡು ಏಟು ಬಿದ್ದಿದ್ದವು ಆಗಲೇ.

ಯಾರು ಕಲಿಸಿದರು ಅಂತ ಕೇಳಿದಳು. ಮತ್ತೆ ಏಟು. ಆಗ ವೈಶಾಲಿ ನನ್ನ ಕಡೆ ನೋಡಿದಳು ಅಕ್ಕಾ. ತಪ್ಪಿಸು ಅಂತ ನೋಡಲಿಲ್ಲ. ಹೇಳಲೇನು ಅಂತ ನೋಡಿದಳು. ಯಾರಿಗೂ ಹೇಳಬೇಡ ಅಂದಿದ್ದೆನಲ್ಲ — ನಾನು ಹೇಳು ಅಂದರೆ ಹೇಳುವವಳಿದ್ದಳು. ನಾನು ಬಾವಿಯ ಹಗ್ಗ ನೋಡುತ್ತಾ ನಿಂತೆ.

"ದೊಡ್ಡಾಯಿ ಕೊಟ್ಟಳೇನು?" ಅಂತ ಕೇಳಿದಳು ನಂದಾ. ದೊಡ್ಡಾಯಿ ಅಂದರೆ ನೀವು. ಕೂಸು ಇನ್ನೂ ನನ್ನನ್ನೇ ನೋಡುತ್ತಿತ್ತು. ನಾನು ತಲೆಯೆತ್ತಲಿಲ್ಲ. ಆಮೇಲೆ ಅದು ಹೂಂ ಅಂತ ತಲೆಯಾಡಿಸಿತು.

ನಿಮ್ಮ ಕೈ ಹಿಂಡಿಯಲ್ಲೇ ಇತ್ತು. "ನಾ ಯಾಕ ಕೊಡ್ಲಿ ನಂದಾ, ಕೂಸಿಗಿ?" ಅಂದಿರಿ. ಅಷ್ಟೇ ಅಂದಿರಿ. ನಂದಾ ಒಳಗೆ ಹೋಗಿ ವೈಶಾಲಿಯ ಚೀಲದಿಂದ ಆ ಕಾರ್ಡುಗಳನ್ನು ತಂದಳು. ಹತ್ತು ತಿಂಗಳ ಕಾರ್ಡು, ನಾನು ಗುರುತು ಹಾಕಿದ್ದು. ಅವನ್ನು ನಿಮ್ಮ ಮುಂದೆ ಹಿಡಿದು ಹೇಳಿದಳು. "ನೋಡ್ರಿ ಅತ್ತಿ. ನಮ್ಮವ್ವ ನಾಲ್ಕ ಇಯತ್ತೆ ಓದಿದಾಕಿ, ಆದ್ರೂ ಒಂದು ದಿನಾ ತಪ್ಪಸಿಲ್ಲ. ಕೂಸು ಹಬ್ಬಕ್ಕ ಬಂದ ನಾಲ್ಕ ದಿನದಾಗ ನೀವು ಇದನ್ನ ಕಲಿಸಿ ಕಳಿಸೀರಿ." ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಮನೆಯಲ್ಲೇನಾದರೂ ನೋಡಿತ್ತೇನು ಅಂತ ಒಂದು ಮಾತು ಕೇಳಿದಳು. ಕೇಳಬೇಕೆಂದು ಕೇಳಿದ್ದು, ಸಂಶಯವಿರಲಿಲ್ಲ.

ನಾನು ಹೇಳಿದೆ. "ನಾ ಬಿಟ್ಟು ವರ್ಷ ಆಗ್ಲಿಕ್ಕ ಬಂತು. ನಮ್ಮ ಮನ್ಯಾಗ ಎಲ್ಲಿಂದ ಬರಬೇಕು?"

ಆ ಮಾತು ಹೇಳುವಾಗ ನನ್ನ ಡಬ್ಬಿ ನನ್ನ ಚೀಲದಲ್ಲೇ ಇತ್ತು, ಸೀರೆಯ ಮಡಿಕೆಯೊಳಗೆ.

ಆಮೇಲಿನದನ್ನು ನೀವು ಅನುಭವಿಸಿದವರು, ನಾನು ಕೇಳಿ ತಿಳಿದವಳು. ನಂದಾ ಒಲೆ ಬೇರೆ ಹೂಡಿದಳು. ಅದೇ ಮನೆ, ಅದೇ ಅಂಗಳ, ಆದರೆ ಮಕ್ಕಳಿಬ್ಬರೂ ನಿಮ್ಮ ಪಡಸಾಲೆಯ ಕಡೆ ಹೋಗಬಾರದೆಂದು ಹೇಳಿಟ್ಟಳು. ನಿಮ್ಮ ಮಗ ನಡುವೆ ಸಿಕ್ಕು ಮಾತೇ ಕಡಿಮೆ ಮಾಡಿದರು. ಮೊಮ್ಮಗ ಮೊದಲ ಹೆಜ್ಜೆ ಇಟ್ಟದ್ದನ್ನು ನೀವು ಅಂಗಳದ ಈಚೆಯಿಂದ ನೋಡಿದಿರಂತೆ. ಹಲ್ಲಿನ ಡಾಕ್ಟರೊಬ್ಬರು ವೈಶಾಲಿಯ ಹಲ್ಲು ನೋಡಿ, ಇದು ಹಾಲುಹಲ್ಲಲ್ಲ, ಆರನೇ ವರ್ಷಕ್ಕೆ ದವಡೆಯ ಹಿಂದುಗಡೆ ಹೊಸದಾಗಿ ಮೂಡುವ ಕಾಯಂ ಹಲ್ಲು, ಬೇರು ಕೊಳೆತಿದೆ, ತೆಗೆದರೆ ಮತ್ತೆ ಬರುವುದಿಲ್ಲ ಅಂದರು. ತೆಗೆದರು. ಆ ತಪ್ಪೂ ನಿಮ್ಮ ಲೆಕ್ಕಕ್ಕೇ ಹೋಯಿತು. ಇವತ್ತಿಗೂ ಅವಳು ಬಲಗಡೆಯೇ ಅಗಿಯುತ್ತಾಳೆ. ರೊಟ್ಟಿ ಮುರಿದು ಬಲಕ್ಕೆ ಸರಿಸುವುದನ್ನು ಕಂಡಾಗ ನಾನು ಬೇರೆ ಕಡೆ ನೋಡುತ್ತೇನೆ.

ನೀವು ಮಿಶ್ರಿ ಬಿಟ್ಟಿರಿ. ಮೂವತ್ತು ವರ್ಷದ ಚಟ. ಡಬ್ಬಿಯನ್ನು ತಿಪ್ಪೆಗೆ ಎಸೆದು ಎರಡು ವಾರ ಜ್ವರ ಬಂದವರ ಹಾಗೆ ಬಿದ್ದುಕೊಂಡಿದ್ದಿರಂತೆ. ಕೈ ನಡುಗಿ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲವಂತೆ. ನಾನು ಹನ್ನೊಂದು ದಿನ ತಾಳಲಾರದ್ದನ್ನು ನೀವು ಒಂದೇ ಬೆಳಿಗ್ಗೆ ತೀರಿಸಿದಿರಿ. ನಿಮ್ಮ ಕಟ್ಟೆಯ ಮೇಲೆ ಕೂತು, ಬ್ರಶ್ ಹಿಡಿದು, ದಿನಾ ಎರಡು ಹೊತ್ತು ತಿಕ್ಕತೊಡಗಿದಿರಿ. ಕೂಸನ್ನು ಕರೆಯಲಿಲ್ಲ, ಕರೆಯುವ ಹಾಗಿರಲಿಲ್ಲ. ಅವಳಿಗೆ ಕಾಣುವ ಹಾಗೆ ಕೂತಿರಿ, ಅಷ್ಟೇ. ಅಂಗಳದ ಆಚೆ ಅವಳು ತನ್ನ ಬ್ರಶ್ ತಂದು ನಿಂತಳು. ನೀವು ಮೇಲಿನ ಸಾಲು ತಿಕ್ಕಿದರೆ ಅವಳೂ ಮೇಲಿನದು, ನೀವು ಕೆಳಗಿನದು ತಿಕ್ಕಿದರೆ ಅವಳೂ ಕೆಳಗಿನದು. ಶಾಲೆ ಇದ್ದ ದಿನ, ಪರೀಕ್ಷೆಯ ದಿನ, ಅವಳಿಗೆ ಸಿಡುಕು ಬಂದ ದಿನ — ನೀವು ಕೂತೇ ಇರುತ್ತಿದ್ದಿರಿ. ನೆರೆಯವರು ಕೇಳಿದರೆ ನಗುತ್ತಿದ್ದಿರಂತೆ. "ಏಳ ಹಲ್ಲು ಉಳದಾವ, ಅವಕ್ಕೊಂದು ಬ್ರಶ್ ಇಟ್ಟೀನಿ. ಶ್ರೀಮಂತಿ ಆಗೀನಿ ನಾ." ಹಾಗೆ ಮೂರು ವರ್ಷ. ಮಿಶ್ರಿ ಅವಳನ್ನು ಬಿಟ್ಟಿತು. ಒಂದು ಮಾತಿಲ್ಲದೆ, ಮುಟ್ಟದೆ, ನನ್ನ ಮೊಮ್ಮಗಳ ಬಾಯಿ ತೊಳೆದವರು ನೀವು.

ಈ ಮಾತುಗಳನ್ನೆಲ್ಲ ನಂದಾ ನನಗೆ ಬಂದು ಹೇಳುತ್ತಿದ್ದಳು, ಅತ್ತೆಗೆ ಬುದ್ಧಿ ಬಂತು ಅಂತ. ನಾನು ಹೂಂ ಅನ್ನುತ್ತಿದ್ದೆ. ಪ್ರತಿಸಲ ಬಸ್ಸಿಗೆ ಕೂತಾಗ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಹುಮನಾಬಾದ್ ಸ್ಟ್ಯಾಂಡು ಬರುವುದರೊಳಗೆ ಮುಂದಿನ ಹಬ್ಬಕ್ಕೆ ಅನ್ನುತ್ತಿದ್ದೆ. ಹೇಳಿದರೆ ಸೂಟಿಗೆ ಮಕ್ಕಳನ್ನು ಕಳಿಸುವುದಿಲ್ಲ — ಅದೇ ಭಯ. ಸೂಟಿಗೆ ಅವರು ಬಂದರೆ ಮನೆ ತುಂಬುತ್ತಿತ್ತು, ನನ್ನ ಎದೆ ತುಂಬುತ್ತಿತ್ತು, ಅವರು ಹೋಗುವ ತನಕ ನಿಮ್ಮ ನೆನಪೇ ನನಗೆ ಆಗುತ್ತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದು ಹಾಗೇ ಇತ್ತು.

ಹೋದ ತಿಂಗಳು ವೈಶಾಲಿಗೆ ಮುಡಬಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಅಯ್ಯೋ ಅಕ್ಕಾ, ಆ ದಿನ ನಾನು ನೆಲದ ಮೇಲೆ ಇರಲಿಲ್ಲ. ಹುಲಸೂರಿನ ನನ್ನ ತಂಗಿಗೆ ಫೋನು ಮಾಡಿ, ಕಟ್ ಆದರೂ ಮಾತಾಡುತ್ತಲೇ ಇದ್ದೆನಂತೆ. ನಮ್ಮ ಮೂರು ತಲೆಮಾರಿನಲ್ಲಿ ಹೆಣ್ಣುಮಗಳು ಟೀಚರಬಾಯಿ ಆದದ್ದು ಇದೇ ಮೊದಲು. ಎಲ್ಲರೂ ನಮ್ಮ ಮನೆಗೆ ಬಂದಿರಿ. ನೀವು ಪೇಢಾದ ಡಬ್ಬಿ ತಂದಿದ್ದಿರಿ. ಊಟ ಮುಗಿದ ಮೇಲೆ ವೈಶಾಲಿ ತನ್ನ ಶಾಲೆಯ ಸುದ್ದಿ ಹೇಳಿದಳು. ಮಧ್ಯಾಹ್ನದ ಊಟ ಆದ ಮೇಲೆ ಮಕ್ಕಳನ್ನು ಬೋರಿಂಗಿನ ಕೈಪಂಪಿನ ಹತ್ತಿರ ಸಾಲಾಗಿ ನಿಲ್ಲಿಸಿ ಹಲ್ಲು ತಿಕ್ಕಿಸುತ್ತಾಳಂತೆ. ಮೊದಲು ತಾನೇ ತಿಕ್ಕಿ ತೋರಿಸುತ್ತಾಳಂತೆ. ಕೆಲವು ಕೂಸುಗಳ ಬಾಯಲ್ಲಿ ಮಿಶ್ರಿಯ ವಾಸನೆ ಬರುತ್ತದಂತೆ. ಅವಕ್ಕೆ ಹೊಡೆಯುವುದಿಲ್ಲ, ಎದುರಿಗೆ ನಿಂತು ತಿಕ್ಕುತ್ತೇನೆ ಅಂದಳು. ನಂದಾ ತಕ್ಷಣ ಅಂದಳು, ಎಲ್ಲಾ ಅವ್ವ ಹಾಕಿದ ರೂಢಿ, ಆ ವರ್ಷದ ಕಾರ್ಡು ಇನ್ನೂ ಇಟ್ಟಿದ್ದೇನೆ ಅಂತ. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ನಗು ಬಂದೇ ಬಿಟ್ಟಿತ್ತು.

ಆಗ ನೀವು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತು, ನನ್ನ ಎರಡೂ ಕೈ ಹಿಡಿದಿರಿ. "ಬೀಗತೇರ, ನಿಮ್ಮ ಮನ್ಯಾಗ ಕೂಸು ಚೊಕ್ಕ ಇತ್ತು. ನಾ ಕೈಯಾರ ಕೊಟ್ಟಿಲ್ಲ, ಖರೆ. ಆದ್ರ ನನ್ನ ಡಬ್ಬಿ ನೋಡಿ ಕೆಟ್ಟಿತ್ತು. ಒಂದ್ ಹಲ್ಲ ಹೋತು ನನ್ನಿಂದ. ಇಷ್ಟ ವರ್ಷ ಕೇಳಾಕ ಬಾಯಿ ಬಂದಿದ್ದಿಲ್ಲ. ಹೊಟ್ಟ್ಯಾಗ ಹಾಕ್ಕೋರಿ."

ನಾನು ಏನು ಹೇಳಿದೆ ಅನ್ನುವುದು ನಿಮಗೆ ನೆನಪಿರುತ್ತದೆ. ಆದರೂ ಬರೆಯುತ್ತೇನೆ. "ಇರ್ಲಿ ಬಿಡ್ರಿ ಅಕ್ಕಾ. ಆಗಿದ್ದು ಆಗಿ ಹೋತು. ನಾ ಯಾವಾಗೋ ಮರ್ತೀನಿ."

ನೀವು ಅತ್ತಿರಿ. ಹಗುರಾದವರ ಹಾಗೆ ಅತ್ತಿರಿ. ನಂದಾ ಬಂದು ನಿಮ್ಮ ಬೆನ್ನು ಸವರಿದಳು. ನೋಡಿದವರೆಲ್ಲ ನನ್ನದು ದೊಡ್ಡ ಮನಸ್ಸು ಅಂದರು. ವೈಶಾಲಿ ಮಾತ್ರ ತಾಟು ಹಿಡಿದು ನಿಂತವಳು ನನ್ನನ್ನು ನೋಡಿದಳು. ಅಂದು ಅಂಗಳದಲ್ಲಿ ಹೇಗೆ ನೋಡಿದ್ದಳೋ ಹಾಗೇ ನೋಡಿದಳು — ಹೇಳಲೇನು ಅಂತ. ಆಮೇಲೆ ತಾಟು ತೊಳೆಯಲು ಹೊರಗೆ ಹೋದಳು.

ಅವಳು ಮರೆತಿಲ್ಲ. ಇಷ್ಟು ವರ್ಷ ಆ ಗುಟ್ಟನ್ನು ಕಾದಿದ್ದಾಳೆ, ಏಳು ವರ್ಷದವಳಿಗೆ ನಾನು ಹೊರಿಸಿದ್ದನ್ನು. ನಿಮ್ಮ ಎದುರು ದಿನಾ ಬೆಳಿಗ್ಗೆ ಬ್ರಶ್ ಹಿಡಿದು ನಿಂತಾಗಲೂ ಅದು ಅವಳ ಬಾಯಲ್ಲೇ ಇತ್ತು. ಹಲ್ಲು ಹೋದದ್ದಕ್ಕಿಂತ ಇದು — ಇದಕ್ಕೆ ಏನು ಹೆಸರಿಡಬೇಕೋ ನನಗೆ ಬರುವುದಿಲ್ಲ.

ಇನ್ನೊಂದು ಸುಳ್ಳು ಇದರೊಳಗೆ ಸೇರಬಾರದು. ಮಿಶ್ರಿಯನ್ನು ನಾನು ಇನ್ನೂ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ತಿಕ್ಕಿದ್ದೇನೆ. ಬಿಡುತ್ತೇನೆಂದು ಬರೆಯುವ ಧೈರ್ಯ ನನಗಿಲ್ಲ. ಒಮ್ಮೆ ವಿಭೂತಿ ಮುಟ್ಟಿ ಆಣೆ ಮಾಡಿದ ಬಾಯಿ ಇದು.

ನಿಮಗೆ ಓದಲು ಬರುವುದಿಲ್ಲ ಅಕ್ಕಾ. ಈ ಕಾಗದ ಯಾರಾದರೂ ಓದಿ ಹೇಳಬೇಕು. ನಿಮ್ಮ ಮಗನ ಕೈಗೆ ಕೊಡಬಹುದಿತ್ತು, ನಂದಾಳ ಕೈಗೂ ಕೊಡಬಹುದಿತ್ತು. ನಾಲ್ಕು ದಿನ ಯೋಚನೆ ಮಾಡಿದೆ. ವೈಶಾಲಿಯ ಕೈಗೇ ಕೊಡುತ್ತೇನೆ. ಬರುವ ಭಾನುವಾರ ಅವಳ ಜೊತೆ ನಾನೂ ಹುಮನಾಬಾದಿಗೆ ಬರುತ್ತೇನೆ.

ವೈಶು, ಇಲ್ಲಿಯ ತನಕ ಓದಿದ್ದರೆ ಕೇಳು. ಒಂದು ಸಾಲೂ ಬಿಡಬೇಡ. ನೀನು ತಲೆಯಾಡಿಸಿದ ಕಡೆ ದನಿ ನಿಂತರೆ ನಿಲ್ಲಲಿ, ಆಮೇಲೆ ಮತ್ತೆ ಓದು. ಆ ದಿನ ತಲೆಯಾಡಿಸಿದ್ದು ನೀನಲ್ಲ, ನಾನು. ದೊಡ್ಡಾಯಿಗೆ ಅದನ್ನು ಎರಡು ಸಲ ಓದಿ ಹೇಳು.

ಕಾಶಮ್ಮಕ್ಕ, ಅವಳು ಓದುವಾಗ ನಾನು ನಿಮ್ಮ ಎದುರಿಗೇ ಕೂತಿರುತ್ತೇನೆ. ನಂದಾಳನ್ನೂ ಕರೆದು ಕೂಡಿಸಿ. ಸೆರಗು ಮುಖಕ್ಕೆ ಹಿಡಿಯುವುದಿಲ್ಲ. ಮಕ್ಕಳನ್ನು ಇನ್ನು ನನ್ನ ಮನೆಗೆ ಕಳಿಸುವುದಿಲ್ಲ ಅಂದರೆ ಹೂಂ ಅನ್ನುತ್ತೇನೆ. ಅವತ್ತು ನಾನು ಕೊಟ್ಟ ಕ್ಷಮೆ ನನ್ನದಾಗಿರಲಿಲ್ಲ, ಅದನ್ನು ವಾಪಸು ತಂದಿದ್ದೇನೆ. ಅದು ನಿಮ್ಮದು. ಕೊಟ್ಟರೂ ಆಯಿತು, ಕೊಡದೆ ಇಟ್ಟುಕೊಂಡರೂ ಆಯಿತು. ನಾನು ಕೇಳುವುದಿಲ್ಲ.